ಲಿಂಗಮ್ಮನ ಹೆಬ್ಬೆಟ್ಟು

ನಮ್ಮ ಆಸ್ಪತ್ರೆಯ ಹೆಸರು ತೃಪ್ತಿ. ಬಸವೇಶ್ವರನಗರದ ಒಂದು ಒಳರಸ್ತೆಯಲ್ಲಿ ಮೂರಂತಸ್ತಿನ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದೇವೆ. ಬೋರ್ಡು ನೋಡಿ ಹೋಟೆಲ್ ಅಂದುಕೊಂಡು ಬಂದು, ಊಟ ರೆಡಿ ಇದೆಯಾ ಎಂದು ಕೇಳಿದವರೂ ಇದ್ದಾರೆ. ಊಟ ರೆಡಿ ಇದೆ ಸಾರ್, ತಿನ್ನೋರು ರೆಡಿ ಇಲ್ಲ ಎಂದು ಗೇಟಿನ ಸೆಕ್ಯೂರಿಟಿ ಸೀನ ಒಮ್ಮೆ ಹೇಳಿ ಕಳಿಸಿದ್ದ. ಅವನಿಗೆ ಚೆನ್ನಾಗಿ ಬೈದು, ಒಳಗೆ ಬಂದು ಬಾಗಿಲು ಹಾಕಿಕೊಂಡು ನಕ್ಕಿದ್ದೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅನ್ನ ಕಂಡರೆ ಹಾವು ಕಂಡಂತೆ ಹೆದರುವ ಮಕ್ಕಳಿಗೆ ಚಿಕಿತ್ಸೆ ಕೊಡುವ ಜಾಗ ಇದು.

ನಾನು ಲತಾ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ವಕೀಲೆ. ಇಲ್ಲಿನ ಕಾನೂನು ವಿಭಾಗಕ್ಕೆ ಮುಖ್ಯಸ್ಥೆ. ಯಾರನ್ನು ಒಳಗೆ ಇಟ್ಟುಕೊಳ್ಳಬಹುದು, ಯಾರನ್ನು ಇಟ್ಟುಕೊಳ್ಳಬಾರದು, ಯಾರಿಗೆ ಏನು ಹೇಳಬಹುದು, ಬಚ್ಚಲಿನ ಬಾಗಿಲಿಗೆ ಯಾವಾಗ ಬೀಗ ಹಾಕಬಹುದು, ಇವೆಲ್ಲ ಕಾನೂನಿಗೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸುಲಭವಾಗಿ ಹೇಳುವುದಾದರೆ, ಎಲ್ಲರಿಗೂ 'ಆಗಲ್ಲ' ಅನ್ನುವ ಕೆಲಸ. ಬಾಪೂಜಿನಗರದಲ್ಲಿರುವ ನಮ್ಮಮ್ಮನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಊಟ ಮಾಡ್ದೇ ಇರೋರಿಗೆ ಎರಡು ಕೊಟ್ಟು ತಿನ್ಸೋದ್ ಬಿಟ್ಟು, ಲಾಯರ್ ಯಾಕೇ ಬೇಕು ಮಧ್ಯ?" ಅನ್ನುತ್ತಾಳೆ.

ಆ ಗುರುವಾರ ಬೆಳಿಗ್ಗೆ ನಾನು ಬ್ಯಾಗು ಇಳಿಸುವ ಮೊದಲೇ ಡಾಕ್ಟರ್ ಸಿದ್ದೇಶ್ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವರು ನಮ್ಮ ಮನೋವೈದ್ಯರು, ಈ ಆಸ್ಪತ್ರೆ ಕಟ್ಟಿದವರು. ಸಾಮಾನ್ಯವಾಗಿ ಎರಡು ಸಲ ಗುಡ್ ಮಾರ್ನಿಂಗ್ ಹೇಳುವ ಮನುಷ್ಯ, ಅವತ್ತು ಒಂದು ಸಲವೂ ಹೇಳಲಿಲ್ಲ.

"ಕವನಾ ಡಿಸ್ಚಾರ್ಜ್ ಕೇಳಿದಾಳೆ. ನಿನ್ನೆ ಸಂಜೆ ಬರ್ಕೊಟ್ಟಿದಾಳೆ," ಅಂದರು. "ನಾನು ತಡೆದಿದೀನಿ. ಇವತ್ತು ಸಂಜೆವರೆಗೂ ಟೈಮ್ ಇದೆ."

ಕವನಾಗೆ ಇಪ್ಪತ್ತು ವರ್ಷ. ಆರ್‌ಪಿಸಿ ಲೇಔಟಿನ ಹುಡುಗಿ, ಬಿ.ಕಾಂ. ಓದುತ್ತಿದ್ದಳು. ಕಾಲೇಜಿನ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದ ಮೇಲೆ ತಾನಾಗಿಯೇ ಬಂದು ಸೇರಿದ್ದಳು. ಸೇರಿದಾಗ ಇದ್ದುದಕ್ಕಿಂತ ಈಗ ಅವಳ ನಾಡಿ ನಿಧಾನವಾಗಿತ್ತು. ರಕ್ತದಲ್ಲಿ ಉಪ್ಪಿನಂಶ ಇಳಿದಿತ್ತು. ಹೃದಯ ಯಾವಾಗ ಬೇಕಾದರೂ ತಾಳ ತಪ್ಪಬಹುದು ಎಂದು ಸಿದ್ದೇಶ್ ವಾರದಿಂದ ಹೇಳುತ್ತಿದ್ದರು.

ಮಾನಸಿಕ ಆರೋಗ್ಯದ ಕಾನೂನು ಹೇಳುವುದು ಇಷ್ಟು. ತಾನಾಗಿ ಬಂದವರು ತಾನಾಗಿ ಹೋಗಬಹುದು. ಜೀವಕ್ಕೆ ಅಪಾಯ ಅನಿಸಿದರೆ ಡಾಕ್ಟರು ಒಂದು ಹಗಲು, ಒಂದು ರಾತ್ರಿ ತಡೆಯಬಹುದು. ಅಷ್ಟರೊಳಗೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ, ಇವಳನ್ನು ಇಲ್ಲೇ ಇರಿಸಿಕೊಳ್ಳಬೇಕು ಅನ್ನಬೇಕು. ಜೊತೆಗೆ ರೋಗಿ ತನ್ನ ಪರವಾಗಿ ಮಾತಾಡಲೆಂದು ತಾನೇ ಹೆಸರಿಸಿದ ಪ್ರತಿನಿಧಿ ಅರ್ಜಿಗೆ ಸಹಿ ಹಾಕಬೇಕು. ಒಂದು ತಪ್ಪಿದರೂ ಬಾಗಿಲು ತೆಗೆದು ಕಳಿಸಬೇಕು. ದೊಡ್ಡಾಸ್ಪತ್ರೆಗೆ ಸಾಗಿಸೋಣ ಅಂದರೂ ಅವಳು ಒಪ್ಪಬೇಕು, ಇಲ್ಲವೇ ಆ ಪ್ರತಿನಿಧಿ ಒಪ್ಪಬೇಕು.

ಇಬ್ಬರು ತಜ್ಞರು ಆಗಲೇ ಒಪ್ಪಿದ್ದರು. ಕವನಾ ಹೆಸರಿಸಿದ ಪ್ರತಿನಿಧಿ ಮಾತ್ರ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ಅಜ್ಜಿ. ಲಿಂಗಮ್ಮ.

"ಅಜ್ಜಿ ಫೋನಲ್ಲಿ ಏನಂದ್ರು?" ಎಂದು ಕೇಳಿದೆ.

"ಮಧ್ಯಾಹ್ನ ಬರ್ತೀನಿ, ಮಗಾನ ಕರ್ಕೊಂಡೋಯ್ತೀನಿ, ಬಟ್ಟೆ ಕಟ್ಟಿಡಿ ಅಂದ್ರು," ಎಂದರು ಸಿದ್ದೇಶ್. ಅವರ ಕೋಣೆಯಲ್ಲಿ ಟೇಬಲ್ಲಿನ ಹಿಂದಿನ ಗೋಡೆಯ ಮೇಲೆ 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಬರೆಸಿ ಹಾಕಿದ್ದಾರೆ. ನಮ್ಮ ಆಸ್ಪತ್ರೆಯಲ್ಲಿ ಅದರ ಎರಡು ಅರ್ಧಗಳೂ ಸುಳ್ಳು. ತೆಗೆಸಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ಅಷ್ಟರಲ್ಲಿ ಕವನಾಳ ಅಪ್ಪ ಕಾಂತರಾಜು ಬಂದರು. ಕೆಂಗೇರಿಯ ಆಚೆ ಇವರ ಹಿರಿಯರ ಹೊಲಗಳಿದ್ದವು. ಈಗ ಅಲ್ಲಿ ಲೇಔಟುಗಳಿವೆ, ಲಗ್ಗೆರೆಯಲ್ಲಿ ಇವರ ಬಾಡಿಗೆ ಮನೆಗಳಿವೆ. ಬಿಳಿ ಶರ್ಟು, ಬೆರಳಲ್ಲಿ ಉಂಗುರ, ಕಣ್ಣಲ್ಲಿ ಮಾತ್ರ ನಿದ್ದೆಗೆಟ್ಟ ಕೆಂಪು. ಮಗಳನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಮಾಡುವ ಸ್ಥಿತಿಯಲ್ಲಿದ್ದರು, ನಿಜ ಹೇಳಬೇಕು.

"ಮೇಡಂ, ನಮ್ಮಮ್ಮನ್ ಹೆಬ್ಬೆಟ್ಟು ತಾನೇ ಬೇಕಾಗಿರೋದು? ಕೊಡಿ ಪೇಪರು. ಇನ್ನೊಂದ್ ಗಂಟೇಲಿ ಒತ್ತಿಸ್ಕೊಂಡ್ ಬರ್ತೀನಿ," ಅಂದರು.

"ಅವರಿಗೆ ಓದಿ ಹೇಳ್ಬೇಕು ಸಾರ್. ಅವರು ಒಪ್ಬೇಕು."

"ಅವ್ರಿಗೇನ್ ಗೊತ್ತಾಗುತ್ತೆ? ಸೈಟು, ಕರಾರು, ಖಾತೆ, ಎಲ್ಲಾದಕ್ಕೂ ನಾನೇ ಒತ್ತಿಸಿರೋದು. ಒಂದಿನಾನೂ ಏನ್ ಬರ್ದೈತೆ ಅಂತ ಕೇಳಿಲ್ಲ ನಮ್ಮಮ್ಮ."

"ನಾನ್ ಓದಿ ಹೇಳ್ತೀನಿ. ಮೊದಲ್ನೇ ಸಲ ಕೇಳ್ಲಿ," ಅಂದೆ. ಮಾತು ಸ್ವಲ್ಪ ಖಾರವಾಯಿತು. ನನ್ನ ಬಾಯಿ ಹಾಗೇ, ತಡೆದರೂ ನಿಲ್ಲುವುದಿಲ್ಲ.

ಕಾಂತರಾಜು ಹೊರಗೆ ಹೋದ ಮೇಲೆ ಸಿದ್ದೇಶ್ ಬಾಗಿಲು ಮುಂದಕ್ಕೆ ತಳ್ಳಿದರು. "ಲತಾ, ಅವರಮ್ಮ, ಅವರ ಮಗಳು. ಪೇಪರ್ ಕೊಟ್ಟು ನಾವು ಕಣ್ಣು ಮುಚ್ಕೊಂಡ್ರೆ ಹುಡ್ಗಿ ಬದುಕುತ್ತೆ."

"ನೀವು ಮುಚ್ಕೊಳ್ಳಿ ಡಾಕ್ಟ್ರೇ. ನನಗೆ ಸಂಬಳ ಕೊಡೋದು ಕಣ್ ಬಿಟ್ಕೊಂಡಿರೋಕೆ."

"ಅವಳು ಮನೆಗೆ ಹೋಗ್ತಾ ಮೆಟ್ರೋ ಸ್ಟೇಷನ್ ಮೆಟ್ಲಲ್ಲೇ ಬಿದ್ದು ಸತ್ರೆ ಏನ್ ಮಾಡ್ತೀರಾ? ಅವಳ ಹಾರ್ಟ್‌ಗೆ ನಿಮ್ಮ ಕಾಯ್ದೆ ಓದೋಕೆ ಬರಲ್ಲ."

ಮಗಳನ್ನು ಅಪ್ಪನ ಕೈಯಿಂದ, ಹೆಂಡತಿಯನ್ನು ಗಂಡನ ಕೈಯಿಂದ ಕಾಪಾಡಲೆಂದೇ ಆ ಕಾನೂನು ಬಂದಿದ್ದು. ಬೇಡದ ಸೊಸೆಗೆ ಹುಚ್ಚಿಯ ಪಟ್ಟ ಕಟ್ಟಿ ಕೂಡಿಹಾಕಿದ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಒಬ್ಬಳ ಮೇಲಿನ ಕನಿಕರಕ್ಕೆ ಒಂದು ಹೆಬ್ಬೆಟ್ಟನ್ನು ಕದ್ದರೆ, ನಾಳೆ ಇನ್ನೊಬ್ಬ ಅಪ್ಪ ಇನ್ನೊಂದು ಕಾರಣ ಹೇಳಿಕೊಂಡು ಬರುತ್ತಾನೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಆ ಹುಡುಗಿ ಸತ್ತರೆ ಇದನ್ನೆಲ್ಲ ಯಾರಿಗೆ ಹೇಳಲಿ, ಯಾವ ಬಾಯಲ್ಲಿ ಹೇಳಲಿ ಎಂದು ಭಯವಾಗುತ್ತಿತ್ತು.

ಆಗ ನರ್ಸ್ ಭುವನೇಶ್ವರಿ ಬಂದಳು. ಗದಗಿನ ಕಡೆಯವಳು, ಮಾತು ಕಡಿಮೆ, ಬಂದರೆ ಕೆಲಸವಿದೆ ಎಂದೇ ಅರ್ಥ.

"ಮೇಡಂ, ಒಂದ್ ಮಾತು ಹೇಳೂದೈತ್ರೀ. ಕವನಾಂದು," ಅಂದಳು. "ಅಕಿ ದಿನಾ ಅಜ್ಜಿ ಕೂಡ ಉಂಡ್ ಮ್ಯಾಲೆ ಕೆಳಗಿನ ಬಾತ್‌ರೂಮಿಗೆ ಹೋಗ್ತಾಳ್ರಿ. ನಿನ್ನೆ ನಾ ಹಿಂದ ಹೋದ್ನಿ. ಎಲ್ಲಾ ಹೊರಗ ಹಾಕಾಕತ್ತಿದ್ಲು."

ನಾನು ಕುರ್ಚಿಯಲ್ಲಿ ಹಾಗೇ ಕುಳಿತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನ ಊಟ ಒಳಗೆ ಬರಬಾರದು ಅನ್ನುವುದು ನಮ್ಮ ನಿಯಮ. ಊಟವಾದ ಮೇಲೆ ಒಂದು ಗಂಟೆ ವಾರ್ಡಿನ ಬಚ್ಚಲುಗಳಿಗೆ ಬೀಗ ಬೀಳಬೇಕು ಅನ್ನುವುದೂ ನಿಯಮ. ಯಾಕೆಂದು ಹೇಳಬೇಕಾಗಿಲ್ಲ. ಆದರೆ ಲಿಂಗಮ್ಮಜ್ಜಿ ಮೊದಲ ದಿನವೇ ಮುದ್ದೆ, ಬಸ್ಸಾರು ತಂದು ಗೇಟಿನ ಮುಂದೆ ಕುಳಿತರು. ಹೋಗಿ ಅಂದರೆ ಹೋಗರು. ಕೊನೆಗೆ ನಾವೆಲ್ಲ ಕೂತು ಮಾತಾಡಿ, ಭೇಟಿಯ ಹೊತ್ತಿನಲ್ಲಿ ಅಜ್ಜಿ ಮೂರು ತುತ್ತು ಕೊಡಬಹುದು ಎಂದು ಒಪ್ಪಿದೆವು. ನಮ್ಮ ಕೈಯಲ್ಲಿ ಚಮಚ ಕಂಡರೆ ಮುಖ ತಿರುಗಿಸುವ ಹುಡುಗಿ, ಅಜ್ಜಿಯ ಕೈಗೆ ಬಾಯಿ ತೆರೆದಳು. ಗಾಜಿನ ಬಾಗಿಲಿನ ಆಚೆಯಿಂದ ನೋಡುತ್ತಿದ್ದ ನಮ್ಮ ಕಣ್ಣೆಲ್ಲ ಒದ್ದೆ. ಭೇಟಿ ಕೋಣೆಯಲ್ಲಿ ಮನೆಯವರಿಗೆ ಏಕಾಂತ ಬೇಕು, ಒಳಗೆ ನರ್ಸ್ ನಿಲ್ಲಬಾರದು ಎಂದು ಬರೆದವಳು ನಾನು. ಆ ಕೋಣೆಗೆ ಅಂಟಿಕೊಂಡ ಬಚ್ಚಲಿಗೆ ಬೀಗ ಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೋಟೆಲ್ ಊಟ ಕಕ್ಕಬಹುದು, ಆಸ್ಪತ್ರೆ ಊಟ ಕಕ್ಕಬಹುದು, ಅಜ್ಜಿಯ ಕೈತುತ್ತನ್ನು ಯಾರಾದರೂ ಕಕ್ಕುತ್ತಾರಾ? ಇಷ್ಟು ಓದಿದವರು ಸೇರಿ, ಇದೊಂದನ್ನು ಯಾರೂ ಯೋಚಿಸಲಿಲ್ಲ.

"ಇವತ್ತಿಂದ ಆ ಬಾತ್‌ರೂಮಿಗೂ ಬೀಗ ಹಾಕು. ಊಟ ಆಗಿ ಒಂದ್ ಗಂಟೆ. ವಾರ್ಡಿಗೆ ಯಾವ ನಿಯಮವೋ ಅಲ್ಲಿಗೂ ಅದೇ," ಎಂದೆ.

ಆಮೇಲೆ ಮೇಲಿನ ಮಹಡಿಗೆ ಹೋದೆ. ಕವನಾ ಕಿಟಕಿಯ ಪಕ್ಕ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಹೊರಗೆ ಏಪ್ರಿಲ್ ಬಿಸಿಲು, ಡಾಂಬರು ಕರಗುವಂಥದ್ದು. ಅವಳು ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಬ್ಯಾಗು ಆಗಲೇ ತುಂಬಿತ್ತು.

"ಬನ್ನಿ ಲೀಗಲ್ ಮೇಡಂ. ತಡೆಯೋಕ್ ಬಂದ್ರಾ?"

"ತಡೆಯೋ ಅಧಿಕಾರ ನನಗಿಲ್ಲ. ಸಂಜೆವರೆಗೂ ಡಾಕ್ಟ್ರಿಗಿದೆ. ಆಮೇಲೆ ನಿಮ್ಮಜ್ಜಿ ಹೇಳಿದ ಹಾಗೆ."

"ಅಜ್ಜಿ ಸೈನ್ ಹಾಕಲ್ಲ. ಅದಕ್ಕೇ ಅವಳ್ ಹೆಸ್ರು ಕೊಟ್ಟಿದ್ದು," ಎಂದು ನಕ್ಕಳು. ನಗುವಾಗ ಕೆನ್ನೆಯ ಮೂಳೆ ಇಷ್ಟೆತ್ತರಕ್ಕೆ ಎದ್ದಿತು. ಬುದ್ಧಿವಂತೆ. ಎಲ್ಲ ಓದಿಕೊಂಡೇ ಬಂದಿದ್ದಳು. ನನ್ನ ಮಗಳಾಗಿದ್ದರೆ ಎರಡು ಬಿಗಿಯುತ್ತಿದ್ದೆನೋ ಏನೋ, ಅಥವಾ ಅಪ್ಪಿಕೊಂಡು ಅಳುತ್ತಿದ್ದೆನೋ.

"ಕೆಳಗಿನ ಬಾತ್‌ರೂಮಿನ ವಿಷ್ಯ ಗೊತ್ತಾಯ್ತು," ಅಂದೆ.

ನಗು ಹೋಯಿತು. ಅವಳು ಸ್ವೆಟರಿನ ತೋಳನ್ನು ಬೆರಳುಗಳ ಮೇಲಕ್ಕೆ ಎಳೆದುಕೊಂಡಳು. ಆಮೇಲೆ, "ಅಜ್ಜಿಗೆ ಹೇಳ್ಬೇಡಿ ಮೇಡಂ," ಎಂದಳು. ಮೊದಲ ಸಲ ಇಪ್ಪತ್ತು ವರ್ಷದವಳ ಹಾಗೆ ಕೇಳಿಸಿದಳು. "ಡಾಕ್ಟ್ರಿಗೆ ಹೇಳಿ, ಅಪ್ಪಂಗೆ ಹೇಳಿ, ಯಾರಿಗಾದ್ರೂ ಹೇಳಿ. ಅಜ್ಜಿಗೆ ಬೇಡ. ಅವಳ್ ಕೈಲಿ ಬೇಡ ಅನ್ನೋಕಾಗಲ್ಲ ನನಗೆ. ತಿಂದ್ಮೇಲೆ ಇಟ್ಕೊಳ್ಳೋಕೂ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ, ನಿಮಗದು ಅರ್ಥ ಆಗಲ್ಲ."

ಬಿಸಿತುಪ್ಪ ಅನ್ನುತ್ತೇವಲ್ಲ, ನುಂಗಲೂ ಆಗದ್ದು, ಉಗುಳಲೂ ಆಗದ್ದು. ಅಂಥದ್ದೇ ಒಂದು ನನ್ನ ಬಾಯಿಗೂ ಬಿತ್ತು. ಪ್ರತಿನಿಧಿಗೆ ತಿಳಿಯಲೇಬೇಕಾದಷ್ಟನ್ನು ಹೇಳಲು ಕಾನೂನಿನಲ್ಲಿ ಅವಕಾಶವಿದೆ. ಹೇಳಬಹುದು. ಆದರೆ ಈ ಮಗುವಿನ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ.

"ನಾನು ಬಾಯಿ ಬಿಡಲ್ಲ," ಅಂದೆ. "ನೀನೇ ಹೇಳಿದ್ರೆ ಒಳ್ಳೇದು."

"ಪ್ರಾಮಿಸ್?"

"ಪ್ರಾಮಿಸ್."

ಬೀಗದ ವಿಷಯ ನಾನು ಅವಳಿಗೆ ಹೇಳಲಿಲ್ಲ. ಮರೆತೆನೇ? ಇಲ್ಲ. ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಅದೇ ನೆನಪಾಗುತ್ತಿತ್ತು. ವಾಪಸ್ ಹೋಗಿ ಹೇಳಿಬಿಡಬೇಕು ಎನಿಸಿತು, ಹೋಗಲಿಲ್ಲ.

ಮಧ್ಯಾಹ್ನ ಲಿಂಗಮ್ಮಜ್ಜಿ ಆಟೋದಲ್ಲಿ ಬಂದಿಳಿದರು. ಗಿಡ್ಡ ಆಳು, ಬೆನ್ನು ನೆಟ್ಟಗೆ, ಸೊಂಟಕ್ಕೆ ಸೆರಗು ಸಿಕ್ಕಿಸಿದ್ದರು. ಭೇಟಿ ಕೋಣೆಯಲ್ಲಿ ಅವರ ಎದುರು ನಾನು ಕುಳಿತೆ. ಕಾಂತರಾಜು ಅಮ್ಮನ ಪಕ್ಕದಲ್ಲೇ ನಿಂತು ಶುರು ಮಾಡಿದರು.

"ಅಮ್ಮ, ಒಂದ್ ಹೆಬ್ಬೆಟ್ಟು ಒತ್ತು. ಡಾಕ್ಟ್ರು ಹೇಳ್ತಾವ್ರೆ. ಒತ್ತಮ್ಮ, ಟೈಮಿಲ್ಲ."

"ಸಾರ್, ನೀವು ಹೊರಗಡೆ ಇರಿ," ಅಂದೆ.

"ನಾನ್ ಅವಳಪ್ಪ ಕಣ್ರೀ."

"ಗೊತ್ತು. ಅಜ್ಜಿ ತಾವಾಗೇ ಯೋಚ್ನೆ ಮಾಡ್ಬೇಕು. ನೀವ್ ಪಕ್ಕದಲ್ಲಿ ನಿಂತು ಒತ್ತಾಯ ಮಾಡಿದ್ರೆ ಈ ಪೇಪರು ಕಾನೂನಲ್ಲಿ ನಿಲ್ಲಲ್ಲ."

ನಮ್ಮ ಪರವಾಗಿ ಮಾತಾಡುತ್ತಿದ್ದ ಒಬ್ಬನೇ ಮನುಷ್ಯನನ್ನು ನಾನೇ ಹೊರಗೆ ಹಾಕಿದೆ. ಗಾಜಿನ ಆಚೆ ನಿಂತಿದ್ದ ಸಿದ್ದೇಶ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಜ್ಜಿ ಮಗ ಹೋದ ದಿಕ್ಕನ್ನೇ ನೋಡಿ, "ಒಳ್ಳೇ ಕೆಲ್ಸ ಮಾಡ್ದೆ ಕಣವ್ವ," ಅಂದರು. "ಹಿಂಗೇ ಪಕ್ಕದಾಗ್ ನಿಂತ್ಕತಾನೆ. ಒತ್ತಮ್ಮ ಒತ್ತಮ್ಮ ಅಂತಾನೆ. ಒತ್ತಿದ್ದೇ ಆಯ್ತು, ಹೊಲ ಹೋಯ್ತು. ಇನ್ನೊಂದ್ ಕಿತ ಒತ್ತಿದೆ, ತೋಟದ್ ಬಾವಿ ಹೋಯ್ತು. ನಮ್ಮೆಜಮಾನ್ರನ್ನ ಮಣ್ ಮಾಡಿದ್ ಜಾಗಾನೂ ಅದ್ರಾಗೇ ಹೋಯ್ತು, ನಂಗೆ ಗೊತ್ತೇ ಇಲ್ಲ. ಅವತ್ತೇ ಶಪಥ ಮಾಡ್ದೆ. ಇನ್ಮೇಲೆ ಯಾವ್ ಕಾಗ್ದಕ್ಕೂ ನನ್ ಹೆಬ್ಬೆಟ್ಟಿಲ್ಲ ಅಂತ."

"ಇದನ್ನ ನಾನು ಪೂರ್ತಿ ಓದ್ತೀನಿ ಅಜ್ಜಿ. ಅರ್ಥ ಆಗ್ದೇ ಇದ್ರೆ ನಿಲ್ಸಿ. ಕೇಳಾದ್ಮೇಲೆ ಬೇಡ ಅನ್ನಿಸಿದ್ರೆ ಬೇಡ. ಸಂಜೆ ಕರ್ಕೊಂಡು ಹೋಗಬಹುದು. ನಾವ್ಯಾರೂ ತಡೆಯಲ್ಲ."

"ಓದ್ದೇ ಇದ್ರೂ ಅಷ್ಟೇಯ. ಕರ್ಕೊಂಡೋಯ್ತೀನಿ."

"ಅವಳ ಹೃದಯ ತುಂಬಾ ಸೋತಿದೆ ಅಜ್ಜಿ. ದಾರೀಲೇ ಏನಾದ್ರೂ ಆಗಬಹುದು. ಡಾಕ್ಟ್ರು ಸುಮ್ನೆ ಹೇಳ್ತಿಲ್ಲ."

"ಸೋಲ್ದೆ ಇನ್ನೇನು? ಇಲ್ಲಿ ನೀವು ಕೊಡಾದೇನು, ಡಬ್ಬಿ ಪುಡಿ ಕಲ್ಸಿದ್ ನೀರು. ನನ್ ಕೈಲಿ ಉಣ್ತಾಳಲ್ಲ ದಿನಾ, ನೀವೇ ನೋಡಿಲ್ವಾ? ಮನೇಗ್ ಕರ್ಕೊಂಡೋಗಿ ಮೂರ್ ಹೊತ್ತೂ ನಾನೇ ಉಣ್ಣುಸ್ತೀನಿ. ತಿಂಗ್ಳಾಗೆ ನೋಡೀವಂತೆ."

ಒಂದೇ ಒಂದು ವಾಕ್ಯ ಹೇಳಿದರೆ ಮುಗಿಯುತ್ತಿತ್ತು. ಆ ವಾಕ್ಯವನ್ನು ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೆ. ಹೊರಗಡೆ ಹಾಲ್‌ನಲ್ಲಿ ಕಾಂತರಾಜು ಆ ಕಡೆಯಿಂದ ಈ ಕಡೆಗೆ ನಡೆಯುವುದು ಗಾಜಿನಲ್ಲಿ ಕಾಣುತ್ತಿತ್ತು. ಹೊತ್ತು ಹೋಗುತ್ತಿತ್ತು.

ಕವನಾ ಇಳಿದು ಬಂದಳು. ಅಜ್ಜಿಯ ಮುಖ ಅರಳಿತು. "ಬಾ ಮಗ. ಮೊದ್ಲು ಉಣ್ಣು, ಆಮೇಲೆ ಹೊರಡಾನ," ಅಂದರು. ನಾನು ಎದ್ದು ಹೊರಗೆ ಹೋಗಬೇಕು, ನಿಯಮ ನನ್ನದೇ. ಏಳಲು ಹೋದಾಗ ಅಜ್ಜಿಯೇ, "ನೀನೂ ಇರವ್ವ. ಹೆಂಗ್ ಉಣ್ತಾಳೆ ಅಂತ ನೋಡ್ಕೊಂಡು ಆ ಡಾಕ್ಟ್ರಿಗೆ ಹೇಳು," ಅಂದರು. ಕವನಾ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ, ಹೇಳಿಲ್ಲ ಎಂದು. ಅವಳು ಸಮಾಧಾನವಾಗಿ ಕುಳಿತಳು.

ಅಜ್ಜಿ ಮುದ್ದೆಯ ಚೂರನ್ನು ಮುರಿದು, ಸಾರಲ್ಲಿ ಹೊರಳಿಸಿ, ಬೆರಳ ತುದಿಯಲ್ಲಿ ಹಿಡಿದರು. ಕವನಾ ಬಾಯಿ ತೆರೆದಳು. ಒಂದು. ಅಜ್ಜಿ ಅವಳು ಹುಟ್ಟಿದ ದಿನದ ಕಥೆ ಹೇಳುತ್ತಿದ್ದರು, ಹೆರಿಗೆ ಆಸ್ಪತ್ರೆಯಲ್ಲಿ ತೂಕ ಹಾಕಿದವಳು, ಇಷ್ಟು ದಪ್ಪ ಮಗು ಈ ವಾರ ಇದೇ ಮೊದಲು ಅಂದಳಂತೆ. ಎರಡು. ಕವನಾ ಕಣ್ಣು ಮುಚ್ಚಿಕೊಂಡು ನುಂಗಿದಳು. ಮೂರನೆಯ ತುತ್ತಿಗೆ ಅವಳ ಹಣೆಯಲ್ಲಿ ಬೆವರು ಬಂತು. ಎರಡು ಸ್ವೆಟರಿನೊಳಗೂ ನಡುಗುವವಳಿಗೆ ಬೆವರು.

"ಬಾತ್‌ರೂಮಿಗೆ ಹೋಗ್ಬರ್ತೀನಿ ಅಜ್ಜಿ," ಎಂದು ಎದ್ದಳು.

ಬಾಗಿಲಲ್ಲಿ ಬೀಗವಿತ್ತು. ಅವಳು ಚಿಲಕವನ್ನು ಎಳೆದಳು. ಮತ್ತೆ ಎಳೆದಳು. ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಕೀ ಕೊಡಿ."

"ಒಂದ್ ಗಂಟೆ ಆದ್ಮೇಲೆ ಕವನಾ. ವಾರ್ಡಲ್ಲಿ ಇರೋ ಹಾಗೇ."

"ಕೀ ಕೊಡಿ ಮೇಡಂ. ಪ್ಲೀಸ್."

"ಪಾಪ, ಅರ್ಜೆಂಟಿರ್ಬೇಕು, ತಗಿ ತಾಯಿ ಬೀಗಾನ," ಅಂದರು ಅಜ್ಜಿ. ಗಾಜಿನ ಬಾಗಿಲು ಸರಿಸಿ ಬಂದ ಭುವನೇಶ್ವರಿ ಕೀ ಗೊಂಚಲು ಹಿಡಿದು ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ.

ಕವನಾ ಬಾಗಿಲನ್ನು ಗುದ್ದಿದಳು. ಅವಳ ಕೈಯಲ್ಲಿ ಶಕ್ತಿಯೇ ಇರಲಿಲ್ಲ, ಸದ್ದೂ ಸರಿಯಾಗಿ ಬರಲಿಲ್ಲ. "ಒಳಗೈತೆ, ಒಳಗೈತೆ, ಆಗ್ತಿಲ್ಲ ನನ್ಗೆ," ಅನ್ನುತ್ತ ಹೊಟ್ಟೆಯನ್ನು ಹಿಡಿದುಕೊಂಡು ಮೂಲೆಯಲ್ಲಿ ಕುಕ್ಕರಿಸಿದಳು. ಬೆರಳು ಬಾಯಿಯ ಕಡೆಗೆ ಹೋಯಿತು. ಭುವನೇಶ್ವರಿ ಓಡಿಹೋಗಿ ಪಕ್ಕದಲ್ಲಿ ಕುಳಿತು, ಆ ಕೈಯನ್ನು ಮೆಲ್ಲಗೆ ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. "ಉಸರು ಬಿಡು ತಂಗಿ. ಇದೂ ಹೋಕ್ಕೈತಿ. ನಾ ಇಲ್ಲೇ ಅದೀನಿ," ಎಂದು ಹೇಳುತ್ತಲೇ ಇದ್ದಳು.

ಅಜ್ಜಿ ಕುಳಿತಲ್ಲೇ ಇದ್ದರು. ಅವರು ಮಕ್ಕಳನ್ನು ಸಾಕಿದವರು, ದನಕರು ಸಾಕಿದವರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಕ್ಕಾಕಾ ಮಗ?" ಎಂದು ಕೇಳಿದರು, ಬಹಳ ಮೆತ್ತಗೆ.

ಕವನಾ ಗೋಡೆಗೆ ಮುಖ ಮಾಡಿದಳು.

"ದಿನಾನಾ?"

ಅಜ್ಜಿ ತಮ್ಮ ಬಲಗೈಯನ್ನು ನೋಡಿಕೊಂಡರು. ಬೆರಳಲ್ಲಿ ಸಾರು ಒಣಗುತ್ತಿತ್ತು. ಅವರ ತುಟಿ ಅಲುಗಿತು, ಅಳು ಬರಲಿಲ್ಲ. ನನಗೆ ಬಂತು. ಕಾನೂನಿನ ಪ್ರಕಾರ ನಾನು ಒಂದಕ್ಷರವನ್ನೂ ಆಡಿರಲಿಲ್ಲ. ಕೊಟ್ಟ ಮಾತು ಮುರಿದಿರಲಿಲ್ಲ. ಬೀಗ ಹಾಕಿಸಿದ್ದೂ ಸರಿಯೇ. ಯಾವ ಅಧಿಕಾರಿ ಬಂದು ತನಿಖೆ ಮಾಡಿದರೂ ನನ್ನ ಮೇಲೆ ತಪ್ಪು ಹೊರಿಸಲು ಆಗುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಬಗ್ಗೆ ನನಗೆ ಆದಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಅಜ್ಜಿ ಕೈಯನ್ನು ಸೀರೆಗೆ ಒರೆಸಿಕೊಂಡು, "ಓದವ್ವ ಅದ್ನ," ಅಂದರು.

ಓದಿದೆ. ಒಂದೊಂದೇ ಸಾಲು ಓದಿ, ಮನೆಯ ಮಾತಿನಲ್ಲಿ ಬಿಡಿಸಿ ಹೇಳಿದೆ. ಮೊಮ್ಮಗಳನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ಇಲ್ಲಿ ಇರಿಸಿಕೊಳ್ಳಲು ನೀವು ಕೇಳುತ್ತಿದ್ದೀರಿ. ಇಷ್ಟು ದಿನ ಮಾತ್ರ ಇರಿಸಿಕೊಳ್ಳಬಹುದು. ಬೇಕಾದರೆ ದೊಡ್ಡಾಸ್ಪತ್ರೆಗೆ ಸಾಗಿಸಲೂ ಒಪ್ಪುತ್ತಿದ್ದೀರಿ. ಇದನ್ನು ಸರ್ಕಾರದ ಮಂಡಳಿಗೆ ತಿಳಿಸುತ್ತೇವೆ, ಅವಳು ಬೇಕಾದರೆ ಅಲ್ಲಿ ನಮ್ಮ ಮೇಲೆ ದೂರು ಕೊಡಬಹುದು. ಅಜ್ಜಿ ಎಲ್ಲದಕ್ಕೂ ಹ್ಞೂಂ ಅಂದರು. ಮೂಲೆಯಿಂದ ಕವನಾ, "ಒತ್ಬೇಡ ಅಜ್ಜಿ. ನನ್ಗೋಸ್ಕರ ಒತ್ಬೇಡ. ನಿನ್ನೊಬ್ಳನ್ನೇ ನಂಬಿದ್ದು ನಾನು," ಅನ್ನುತ್ತಲೇ ಇದ್ದಳು. ಪ್ರತಿ ಸಲ ಅವಳು ಹಾಗೆ ಅಂದಾಗಲೂ ನಾನು ಓದುವುದನ್ನು ನಿಲ್ಲಿಸಿ ಅಜ್ಜಿಯ ಮುಖ ನೋಡುತ್ತಿದ್ದೆ. ಮುಂದಕ್ಕೆ ಓದು ಎಂದು ಅವರು ಕೈ ಮಾಡುತ್ತಿದ್ದರು.

ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ಇದ್ಕೊತ್ತಿದ್ ಮ್ಯಾಲೆ ಇವ್ಳು ನನ್ ಮಕ ನೋಡ್ತಾಳಾ?"

ಸುಳ್ಳು ಹೇಳಬಹುದಿತ್ತು. ಇವರಿಂದ ಬೇಕಾದಷ್ಟು ಸಲ ನಿಜ ಮುಚ್ಚಿಟ್ಟು ಒತ್ತಿಸಿಕೊಂಡಿದ್ದರು.

"ಗೊತ್ತಿಲ್ಲ ಅಜ್ಜಿ. ನೋಡ್ದೇನೂ ಇರಬಹುದು."

ಅವರು ಹೆಬ್ಬೆರಳನ್ನು ಶಾಯಿಯ ಪ್ಯಾಡಿನ ಮೇಲೆ ತಾವೇ ಇಟ್ಟರು. ತಾವೇ ಕಾಗದದ ಮೇಲೆ ಒತ್ತಿದರು. ನಾನು ಕೈ ಹಿಡಿಯಲಿಲ್ಲ. ಗಟ್ಟಿಯಾಗಿ, ಬಹಳ ಹೊತ್ತು ಒತ್ತಿ ಹಿಡಿದರು.

ಅವತ್ತು ಸಂಜೆಯೊಳಗೆ ಕವನಾಳನ್ನು ದೊಡ್ಡಾಸ್ಪತ್ರೆಯ ಹೃದಯದ ವಾರ್ಡಿಗೆ ಸಾಗಿಸಿದರು. ಅಲ್ಲಿ ಅವಳ ಹೃದಯ ಒಮ್ಮೆ ತಾಳ ತಪ್ಪಿತಂತೆ. ಯಂತ್ರ ಪಕ್ಕದಲ್ಲಿತ್ತು, ಡಾಕ್ಟರು ಪಕ್ಕದಲ್ಲಿದ್ದರು, ಹುಡುಗಿ ಉಳಿದಳು. ಸಿದ್ದೇಶ್ ಫೋನಿನಲ್ಲಿ ಇದನ್ನು ಹೇಳಿ, "ಆರ್‌ಪಿಸಿ ಲೇಔಟಿನ ಮನೇಲಿ ಆಗಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಫೋನು ಇಟ್ಟು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ನಮ್ಮಲ್ಲಿಗೆ ವಾಪಸ್ ಬಂದ ದಿನವೇ ಕವನಾ ನನ್ನನ್ನು ಕರೆಸಿದಳು. ಮುಖ ಗೋಡೆ ಕಡೆಗೇ ಇತ್ತು. "ಪ್ರತಿನಿಧೀನ ಬದಲಾಯಿಸ್ಬಹುದಲ್ವಾ? ಅಜ್ಜಿ ಹೆಸ್ರು ತೆಗೀರಿ. ಅಮ್ಮನ್ ಹೆಸ್ರು ಹಾಕಿ. ಅಜ್ಜಿ ನನ್ನ ನೋಡೋಕ್ ಬರ್ಬಾರ್ದು. ಫೋನೂ ಬೇಡ. ಅದು ನನ್ ಹಕ್ಕು."

"ಹೌದು. ನಿನ್ನ ಹಕ್ಕು," ಅಂದೆ.

"ನೀವ್ ಹೇಳಲ್ಲ ಅಂದಿದ್ರಿ."

"ಹೇಳ್ಲಿಲ್ಲ."

"ಅದಕ್ಕಿಂತ ಹೇಳಿದ್ರೇ ಚೆನ್ನಾಗಿತ್ತು," ಅಂದಳು.

ಭೇಟಿಗೆ ಬರುವವರನ್ನು ಬೇಡ ಅನ್ನುವ ಹಕ್ಕು ರೋಗಿಗಿದೆ. ಆ ಹಕ್ಕನ್ನು ಕಾಯುವುದು ನನ್ನ ಕೆಲಸ. ಮಾರನೇ ದಿನ ಮಧ್ಯಾಹ್ನ ಅಜ್ಜಿಯ ಆಟೋ ಬಂದು ನಿಂತಾಗ ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಸೀನ ನಾನೇ ಹೇಳ್ತೀನಿ ಮೇಡಂ ಅಂದ. ಬೇಡ ಎಂದು ನಾನೇ ಗೇಟಿಗೆ ಹೋದೆ.

"ಒಳಗೆ ಬಿಡೋಕ್ ಆಗಲ್ಲ ಅಜ್ಜಿ. ಅವಳೇ ಬೇಡ ಅಂದಿದಾಳೆ," ಎಂದೆ. ಬೇರೆ ಮಾತು ಸೇರಿಸಿ ಮೆತ್ತಗೆ ಮಾಡಲು ನೋಡಿದೆ, ಆಗಲಿಲ್ಲ.

ಅಜ್ಜಿ ಗೇಟಿನ ಸರಳು ಹಿಡಿದು ಮೇಲಿನ ಮಹಡಿಯ ಕಿಟಕಿಯ ಕಡೆಗೆ ನೋಡಿದರು. ಪರದೆ ಎಳೆದಿತ್ತು.

"ಉಸ್ರಾಡ್ತಾವ್ಳಾ?"

"ಆಡ್ತಾ ಇದಾಳೆ. ನಾಡಿ ಸುಧಾರಿಸಿದೆ."

"ನನ್ ಮ್ಯಾಲೆ ಸಿಟ್ಟೈತಾ?"

"ತುಂಬಾ ಇದೆ ಅಜ್ಜಿ. ನಿಮ್ಮ ಹೆಸರು ಎತ್ತಿದ್ರೆ ಕಿರುಚಾಡ್ತಾಳೆ."

"ಕಿರುಚ್ತಾಳಾ? ಗಟ್ಟಿಯಾಗಾ?"

"ಗಟ್ಟಿಯಾಗಿ. ಕೆಳಗಿನವರೆಗೂ ಕೇಳುತ್ತೆ."

ಅಜ್ಜಿ ಮತ್ತೆ ಆ ಪರದೆಯನ್ನು ನೋಡಿದರು. ಆಮೇಲೆ ಸರಳು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಿರುಚ್ಲಿ ಬುಡವ್ವ," ಅಂದರು. "ಕಿರುಚಾಕೂ ಮೈಯಾಗೆ ತ್ರಾಣ ಬೇಕು."